ಗುಡ್ಡದ ಗೊರಗೊರ ಅಧಿಕಾರಿಗೆ ಹೆಸರಿನ ಹಬ್ಬದ ಕರೆ

ಗಾಬ್ರೊವೊ, ಜನವರಿ ೧೯೯೦

ಗುಡ್ಡದ ಮೇಲೆ ಕುಳಿತು ಊರಿನ ರೇಡಿಯೊಗಳಿಗೆಲ್ಲ ಗೊರಗೊರ ತುಂಬಿದ ಕೇಂದ್ರದ ಮಾನ್ಯ ಮುಖ್ಯಾಧಿಕಾರಿಗಳೇ,

ನನ್ನ ಅಣ್ಣ ನಮ್ಮಮ್ಮನಿಗೆ ಹೇಳಿದ ಮಾತುಗಳು ತಮ್ಮ ಬಳಿ ಉಳಿದುಕೊಂಡಿವೆ. ದಯವಿಟ್ಟು ತಂದು ಒಪ್ಪಿಸಿ.

ಅಣ್ಣ ಅತನಾಸ್ ಪತ್ರಕರ್ತ. ನಿಜ ಬರೆದ ತಪ್ಪಿಗೆ ದೇಶ ಬಿಟ್ಟು ಮ್ಯೂನಿಕ್ ಸೇರಿ, ಬಲ್ಗೇರಿಯಾದ ಸುದ್ದಿಯನ್ನು ರೇಡಿಯೊದಲ್ಲಿ ಬಲ್ಗೇರಿಯಾಕ್ಕೇ ಹೇಳುತ್ತಿದ್ದ. ಅದು ಯಾರಿಗೂ ಕೇಳಬಾರದೆಂದು ತಾವು ಅದೇ ಅಲೆಯಲ್ಲಿ ಗೊರಗೊರ ಬಿಟ್ಟು ಅವನ ದನಿಯ ಮೇಲೆ ಗರಗಸ ಎಳೆಯುತ್ತಿದ್ದಿರಿ. ಬೆಕ್ಕು ಒಳಬಂದ ಕೂಡಲೇ ಬಾಗಿಲು ಮುಚ್ಚಿ ಶಾಖ ಉಳಿಸಲೆಂದು ಮೊದಲೇ ಅದರ ಬಾಲ ಕತ್ತರಿಸಿಡುವ ಜಿಪುಣರೆಂದು ದೇಶವೆಲ್ಲ ನಮ್ಮ ಊರನ್ನು ನೋಡಿ ನಗುತ್ತದೆ. ಅಂಥ ಊರಿನ ನೆತ್ತಿಯ ಮೇಲೆ, ಮನೆಮನೆಯ ಕರೆಂಟು ತೆಗೆದು, ಒಬ್ಬ ಬಡಕಲು ಮನುಷ್ಯನ ಬಾಯಿ ಮುಚ್ಚಿಸಲು ಅಷ್ಟು ವಿದ್ಯುತ್ ಸುಟ್ಟಿರಲ್ಲ, ತಮಗೆ ಕರುಳು ಚುರುಕ್ ಎನ್ನಲಿಲ್ಲವೇ? ಸುದ್ದಿಯ ಚಿಂತೆ ನಮಗಿರಲಿಲ್ಲ. ಅರ್ಧ ನಮಗೆ ಕೇಳಿಸುತ್ತಿತ್ತು, ಇನ್ನರ್ಧ ಎದುರುಮನೆಯವರಿಗೆ. ಬೆಳಿಗ್ಗೆ ಬ್ರೆಡ್ಡಿನ ಸಾಲಿನಲ್ಲಿ ಎರಡನ್ನೂ ಸೇರಿಸಿ ಹೊಲಿದುಕೊಳ್ಳುತ್ತಿದ್ದೆವು. ಆದರೆ ಸಂತ ಅತನಾಸನ ದಿನ, ಆ ಹೆಸರಿಟ್ಟುಕೊಂಡವರೆಲ್ಲರ ಹೆಸರಿನ ಹಬ್ಬದಂದು, ಅಣ್ಣ ಕಾರ್ಯಕ್ರಮದ ಕೊನೆಗೆ “ಅಮ್ಮಾ” ಎನ್ನುತ್ತಿದ್ದ. ಯಾರ ಅಮ್ಮ ಎಂದು ಹೇಳದಷ್ಟು ಜಾಣ. ಸರಿಯಾಗಿ ಆಗಲೇ ತಮ್ಮ ಗರಗಸಕ್ಕೆ ಹುರುಪು ಬರುತ್ತಿತ್ತು. ಒಂದು “ಅಮ್ಮಾ”ಗೆ ಸರ್ಕಾರ ಉರುಳುತ್ತಿತ್ತೇ? ಕೊನೆಗೆ ಉರುಳಿತು, ಆ ಮಾತು ಬೇರೆ.

ಹೋದ ವಾರ ಅಣ್ಣ ಮನೆಗೆ ಬಂದ. ಬಾಗಿಲಲ್ಲಿ ಅವನನ್ನು ಕಂಡಾಗ ಶುರುವಾದ ನನ್ನ ನಗು ಇನ್ನೂ ನಿಂತಿಲ್ಲ. ಅಕ್ಷರ ಸೊಟ್ಟಗಾಗಿದ್ದರೆ ಕ್ಷಮಿಸಿ. ಅಮ್ಮ ಅವನ ಕೋಟು ಬಿಚ್ಚುವುದಕ್ಕೂ ಬಿಡಲಿಲ್ಲ.

“ಅಮ್ಮಾ ಅಂದ್ಮೇಲೆ ಏನ್ ಹೇಳ್ತಿದ್ಯೋ?”

ಅಣ್ಣ ತಲೆ ಕೆರೆದುಕೊಂಡ. “ಕಾಗದ ನೋಡ್ಕೊಂಡು ಹೇಳಿದ್ದಲ್ಲಮ್ಮ, ಬಾಯಿಗೆ ಬಂದಿದ್ದು ಹೇಳ್ದೆ. ಈಗೆಲ್ಲಿ ನೆನಪಿರತ್ತೆ?”

ಅಮ್ಮ ಅವನನ್ನು ಮೂದೇವಿ ಎಂದು ಬೈದಳು, ಅತ್ತಳು, ತಬ್ಬಿಕೊಂಡಳು. ಆಮೇಲೆ ಕಿಟಕಿಯಿಂದ ಗುಡ್ಡ ನೋಡಿದಳು. “ಆ ಮೇಲಿನವನನ್ನ ಕರಿ. ಅಡ್ಡ ಹಾಕ್ಬೇಕು ಅಂದ್ರೆ ಅವನು ಕೇಳಿಸ್ಕೊಂಡಿರ್ಲೇಬೇಕಲ್ಲ.”

ಹೌದಲ್ಲವೇ? ಇಡೀ ಊರಿನಲ್ಲಿ ಅಣ್ಣನನ್ನು ಒಂದಕ್ಷರ ಬಿಡದೆ ಕೇಳಿದ ಪುಣ್ಯವಂತರು ತಾವೊಬ್ಬರೇ.

ಹೆಸರಿನ ಹಬ್ಬಕ್ಕೆ ಯಾರನ್ನೂ ಕರೆಯುವ ಪದ್ಧತಿಯಿಲ್ಲ, ಬಂದವರನ್ನು ಅಟ್ಟುವ ಪದ್ಧತಿಯೂ ಇಲ್ಲ. ತಾವು ಪಕ್ಷದ ಸಭೆಗಳ ನಡುವೆ ಇದನ್ನು ಮರೆತಿರಬಹುದೆಂದು ಊರೆಲ್ಲ ಓದುವಂತೆ ಕರೆಯುತ್ತಿದ್ದೇನೆ. ಗುರುವಾರ ಬನ್ನಿ. ಅಂದು ಸಂತ ಅತನಾಸ್ ರೇಷ್ಮೆ ಅಂಗಿ ತೊಟ್ಟು, ಬಿಳಿ ಕುದುರೆಯೇರಿ, ಬೆಟ್ಟದ ತುದಿಯಿಂದ “ಹೋಗು ಚಳಿಯೇ, ಬಾ ಬೇಸಿಗೆಯೇ” ಎಂದು ಕೂಗುತ್ತಾನಂತೆ. ಈ ವರ್ಷ ಅವನಿಗೂ ತಮ್ಮ ಅಡ್ಡಿಯಿಲ್ಲ. ಕೋಳಿ, ಹುಳಿ ಕೋಸು, ಕುಡಿಯಲು ಮನೆಯ ರಾಕಿಯಾ ಸಾರಾಯಿ ಎಲ್ಲ ಇದೆ. ಆದರೆ ಊಟಕ್ಕೆ ಮೊದಲು ಅಮ್ಮನ ಪಕ್ಕ ಕುಳಿತು, “ಅಮ್ಮಾ” ಆದಮೇಲಿನ ಮಾತನ್ನೆಲ್ಲ ಹೇಳತಕ್ಕದ್ದು. ಮರೆತಿದ್ದರೆ, ಅದನ್ನೂ ಅವಳ ಮುಖ ನೋಡಿಯೇ ಹೇಳತಕ್ಕದ್ದು.

ಅಮ್ಮನಿಗೆ ಈಗ ಕಿವಿ ಮಂದ, ಸ್ವಲ್ಪ ಗಟ್ಟಿಯಾಗಿ ಹೇಳಿ. ನಾವು ಯಾರೂ ಸದ್ದು ಮಾಡುವುದಿಲ್ಲ.

ಇಂತಿ,
ಇಷ್ಟು ವರ್ಷ ಅರ್ಧವನ್ನೇ ಕೇಳಿಸಿಕೊಂಡ ಮನೆಯ ಮಗಳು,
ಸ್ತೊಯಾಂಕಾ