ನಾನು ಬಳಿದ ಏಳು ಪಟ್ಟೆ

ಮನೆ, ಕಿಟಕಿ ಪಕ್ಕದ ಮೇಜು
ಮಂಗಳವಾರ, ಮಾರ್ಚ್ ೧೧

ಪ್ರೀತಿಯ ಪುಟ್ಟೀ,

ಹೇಗಿದ್ದೀಯ? ಆ ತರಬೇತಿ ಊರಿನ ಊಟ ಒಗ್ಗಿತೇ, ಕೆಮ್ಮು ಬಿಟ್ಟಿತೇ? ನಾನಂತೂ ಗುಂಡುಕಲ್ಲಿನ ಹಾಗಿದ್ದೇನೆ. ಅಮ್ಮ ಒಳಗೆ ಮಲಗಿದ್ದಾಳೆ, ಅವಳ ಸುದ್ದಿ ಆಮೇಲೆ. ಇಷ್ಟು ಬರೆಯುವಷ್ಟರಲ್ಲಿ ಎರಡು ಸಲ ಎದ್ದು ಕಿಟಕಿಗೆ ಹೋಗಿ ಬಂದೆ. ಕೂತಲ್ಲಿ ಕೂರಲಾಗುತ್ತಿಲ್ಲ.

ನಮ್ಮ ಮನೆ ಮುಂದಿನ ರಸ್ತೆ ಅಗಲ ಮಾಡುವ ನಕ್ಷೆಗೆ ಶುಕ್ರವಾರ ಸಹಿ ಹಾಕುತ್ತೇನೆ ಎಂದೆಯಲ್ಲ, ತಡೆ. ನೀನು ಇಂಜಿನಿಯರ್, ನಾನು ಮೂವತ್ತೊಂದು ವರ್ಷ ರಸ್ತೆಗೆ ಗೆರೆ ಎಳೆದ ಪೇಂಟರ್. ಆದರೂ ಕೇಳು. ಬೇಕರಿ ತಿರುವಿನಲ್ಲಿ ರಸ್ತೆ ಇಕ್ಕಟ್ಟು. ಅಲ್ಲಿ ಬೋರ್ಡಿಲ್ಲ, ಪೊಲೀಸರಿಲ್ಲ, ಆದರೂ ಎಂಥ ಶೂರನೂ ಬೆಕ್ಕಿನ ಹಾಗೆ ಹೋಗುತ್ತಾನೆ. ಅದೇ ಶೂರ ನಮ್ಮ ಗೇಟಿನ ಮುಂದೆ, ರಸ್ತೆ ಬಿಚ್ಚಿಕೊಳ್ಳುತ್ತಲೇ, ಬಾಲಕ್ಕೆ ಬೆಂಕಿ ಬಿದ್ದವನಂತೆ ಓಡುತ್ತಾನೆ. ಇನ್ನೂ ಅಗಲ ಮಾಡಿದರೆ ಕೇಳಬೇಕೇ? ಈಗಲೇ ಎದುರಿನ ಔಷಧದಂಗಡಿಗೆ ದಾಟಲು ಅಮ್ಮನಿಗೆ ಇಪ್ಪತ್ತಾರು ಸೆಕೆಂಡು ಬೇಕು. ಗಡಿಯಾರ ಹಿಡಿದು ನೋಡಿದ್ದೇನೆ.

ನೀನು ಕಾಲೇಜು ಮುಗಿಸಿದ ವರ್ಷ ಊಟಕ್ಕೆ ಕೂತಾಗ, "ಅಪ್ಪಾ, ಬಣ್ಣ ಗಾಡಿ ನಿಲ್ಸಲ್ಲ" ಎಂದಿದ್ದೆ. ನಮ್ಮ ಅನ್ನಕ್ಕೇ ಕಲ್ಲು ಹಾಕುತ್ತಾಳಲ್ಲ ಎಂದು ಎರಡು ದಿನ ನಿನ್ನ ಜೊತೆ ಮಾತು ಬಿಟ್ಟಿದ್ದೆ. ಆ ಹಟ ಇನ್ನೂ ಇತ್ತು ಅಂತ ಕಾಣುತ್ತದೆ. ಮೊನ್ನೆ ಭಾನುವಾರ ಬೆಳಕು ಹರಿಯುವಾಗ, ಯಾರನ್ನೂ ಕೇಳದೆ, ಹಳೇ ಡಬ್ಬಿಯ ಬಣ್ಣದಲ್ಲಿ ಗೇಟಿನಿಂದ ಔಷಧದಂಗಡಿಯವರೆಗೆ, ಜನ ದಾಟುವ ಜೀಬ್ರಾ ಕ್ರಾಸಿಂಗಿನ ಹಾಗೆ, ಏಳು ಪಟ್ಟೆ ಬಳಿದೆ. ನೂಲು ಹಿಡಿದು ಎಳೆದದ್ದು, ಒಂದು ಬೆರಳೂ ಓರೆಯಿಲ್ಲ. ಅಂಗಡಿಯವನು ಕೈಮುಗಿದ. ಅಮ್ಮ ಕಿಟಕಿಯಿಂದ, "ನೀವು ಬಳಿದಿದ್ದು ಅಂದ್ಮೇಲೆ ನಂಗಿನ್ನೇನು ಭಯ?" ಎಂದಳು. ನಾನು ಉಬ್ಬಿಹೋದೆ.

ನಕ್ಷೆ ತಿದ್ದು ತಾಯಿ. ದಾಟುವಲ್ಲಿ ರಸ್ತೆಯನ್ನು ಕಿರಿದು ಮಾಡು, ಫುಟ್‌ಪಾತಿನ ಮಟ್ಟಕ್ಕೆ ಎತ್ತರಿಸು, ನಡುವೆ ನಿಂತು ಉಸಿರಾಡಲು ಒಂದು ಕಟ್ಟೆ ಕೊಡು. ಗಾಡಿಗಳು ನಿಧಾನವಾಗುತ್ತವೆ ಎಂದು ನಿಮ್ಮ ಸಾಹೇಬರು ಗೊಣಗಿದರೆ, ಆಗಲಿ ಅಂತಲೇ ಮಾಡಿದ್ದು ಎನ್ನು.

ಹೊತ್ತಿಗೆ ಸರಿಯಾಗಿ ಉಣ್ಣು. ನಮ್ಮಿಬ್ಬರ ಆಶೀರ್ವಾದ ಸದಾ ನಿನ್ನ ಮೇಲಿದೆ.

ನಿನ್ನ
ಪೇಂಟರ್ ಅಪ್ಪ

ತಾ.ಕ.: ಮರೆತಿದ್ದಲ್ಲ, ಬರೆಯಲು ಕೈ ಬರಲಿಲ್ಲ. ಫೋನಿನಲ್ಲಿ ಹೇಳಿದರೆ ಅಮ್ಮನಿಗೆ ಕೇಳಿಸುತ್ತದೆ, ನಿನಗೆ ತಿಳಿಸಬೇಡಿ ಎಂದಿದ್ದಾಳೆ. ನಿನ್ನೆ ಬೆಳಿಗ್ಗೆ ಮಾತ್ರೆ ತರಲು ಹೊರಟಳು. ಎಡಕ್ಕೂ ಬಲಕ್ಕೂ ನಾಲ್ಕು ಸಲ ನೋಡುವವಳು ನಿನ್ನೆ ನೋಡಲೇ ಇಲ್ಲ, ನನ್ನ ಪಟ್ಟೆ ನಂಬಿ ಕಾಲಿಟ್ಟಳು. ವ್ಯಾನು ನಿಲ್ಲಲಿಲ್ಲ. ಎಡಗೈ ಎರಡು ಕಡೆ ಮುರಿದಿದೆ, ಕಟ್ಟು ಹಾಕಿದ್ದಾರೆ, ಜೀವಕ್ಕೆ ಭಯವಿಲ್ಲ. ಬಿದ್ದದ್ದು ಮೂರನೇ ಪಟ್ಟೆಯ ಮೇಲೆ. ನೀನು ಅಂದದ್ದೇ ನಿಜ ಪುಟ್ಟೀ, ಬಣ್ಣ ಗಾಡಿ ನಿಲ್ಲಿಸುವುದಿಲ್ಲ. ನೀನು ನಿಲ್ಲಿಸು.