ಚಲಾವಣೆಗೆ ಬಾರದ ನಾಣ್ಯ

ಅಪ್ಪನಿಗೆ,

'ತೀರ್ಥರೂಪು' ಎಂದು ಬರೆಯಲು ಮನಸ್ಸು ಬರಲಿಲ್ಲ. ಅಕ್ಕನ ಮನೆಯಲ್ಲಿದ್ದೇನೆ, ಹುಡುಕಬೇಡಿ.

ನಿನ್ನೆ ನಮ್ಮ ನಾಣ್ಯದಂಗಡಿಯ ಒಳಕೋಣೆಯಲ್ಲಿದ್ದ ನನಗೆ ನಿಮ್ಮ ಮಾತು ಕೇಳಿಸಿತು. ನನ್ನನ್ನು ಮದುವೆಯಾಗಲು ಬಂದ ಬೆಳ್ಳಿ ವ್ಯಾಪಾರಿಗೆ ಹೇಳುತ್ತಿದ್ದಿರಿ: "ನಮ್ಮ ಹುಡ್ಗಿ ಟಂಕಸಾಲೆಯಿಂದ ಈಗ ತಾನೇ ಬಂದ ನಾಣ್ಯ ಇದ್ದ ಹಾಗೆ ಕಣ್ರೀ, ಚಲಾವಣೆಗೇ ಬಂದಿಲ್ಲ." ಅವನು "ಅಂಚೂ ಸವೆದಿಲ್ಲ ಬಿಡಿ" ಎಂದು ಹಲ್ಲು ಕಿರಿದ. ನೀವೂ ನಕ್ಕಿರಿ.

ಹಳೆಯ ನಾಣ್ಯವನ್ನು ಉಜ್ಜಿ, ಹೊಳಪು ಬರಿಸಿ, ಹೊಸದೆಂದು ಮಾರಲು ಬಂದವರನ್ನು "ಕಳ್ ನನ್ಮಕ್ಳು" ಎಂದು ಬೈದು ಮೆಟ್ಟಿಲಿಳಿಸುತ್ತಿದ್ದವರು ನೀವೇ. ತೀರಿಕೊಂಡ ಗಂಡನ ಜೊತೆ ನಾನು ಬಾಳಿದ ಮೂರು ವರ್ಷಗಳನ್ನು ಅದೆಷ್ಟು ಸಲೀಸಾಗಿ ಉಜ್ಜಿಬಿಟ್ಟಿರಿ!

ನೀವು ಗೋಡೆಯಿಂದ ತೆಗೆಸಿದ ಅವರ ಫೋಟೋ ಮತ್ತು ನನ್ನ ಹೊಲಿಗೆ ಯಂತ್ರವನ್ನು ಅಣ್ಣನ ಕೈಲಿ ಕಳಿಸಿ. ನಿಮ್ಮ ಬಿ.ಪಿ. ಮಾತ್ರೆ ಗಲ್ಲಾದ ಮೇಲಿನ ಡಬ್ಬಿಯಲ್ಲಿದೆ.

'ಮಾರಿದ ಮಾಲನ್ನು ವಾಪಸ್ ತೆಗೆದುಕೊಳ್ಳುವುದಿಲ್ಲ' ಎಂದು ಅಂಗಡಿ ಬಾಗಿಲಲ್ಲಿ ಬರೆಸಿದ್ದೀರಿ. ನಾನು ಮಾರಾಟವಾಗಿಲ್ಲ. ವಾಪಸ್ಸೂ ಬರುವುದಿಲ್ಲ.

ಇಂತಿ,
ಒಮ್ಮೆ ಚಲಾವಣೆಗೆ ಬಂದ
ನಿಮ್ಮ ಮಗಳು