ಹನ್ನೆರಡನೆಯ ಅಡ್ಮಿಷನ್

ಬೈಲಹೊಂಗಲ
೧೧ ಸೆಪ್ಟೆಂಬರ್ ೨೦೨೫, ಗುರುವಾರ

ಪ್ರೀತಿಯ ತಂಗಿ ಫರೀನ್‌ಗೆ,

ಸಲಾಂ, ಶರಣು, ಎರಡೂ. ಚಾಚಿಯ ಮೊಣಕಾಲು ನೋವು ಕಡಿಮೆಯಾಯಿತೆ? ಮೂರು ವಾರದಿಂದ ನಿನ್ನ ಫೋನ್ ಎತ್ತಿಲ್ಲ. ಬೈಯುವುದಿದ್ದರೆ ಬೈದುಬಿಡು, ಆಮೇಲೆ ಓದು. ನನ್ನ ಕೈಲಿರುವುದು ನಮ್ಮ ಕಾಲೇಜಿನ ಸಂಸ್ಥೆ ಕೊಟ್ಟ ಫೋನ್. ಆಡಿದ ಪ್ರತಿ ಮಾತೂ ರೆಕಾರ್ಡ್ ಆಗಿ ಅಡ್ಮಿಷನ್ ನೋಡಿಕೊಳ್ಳುವ ಗೌರೀಶ ಸರ್ ಟೇಬಲ್ಲಿಗೆ ಹೋಗುತ್ತದೆ. ಅದಕ್ಕೇ ಈ ಕಾಗದ. ಮುನವಳ್ಳಿ ಬಸ್ಸಿನ ಕಂಡಕ್ಟರ್ ಶಟ್ಟೆಪ್ಪಣ್ಣ ನಾಳೆ ನಿನ್ನ ಕೈಗೇ ಕೊಡುತ್ತಾನೆ, ಬೆಳಿಗ್ಗೆಯೇ ಕೇಳಿಟ್ಟಿದ್ದೇನೆ. "ಏನವಾ, ಲವ್ ಲೆಟರ್ ಏನು?" ಎಂದು ನಕ್ಕ. ನನಗೆ ನಗು ಬರಲಿಲ್ಲ.

ನಿನ್ನ ಮುಂದೆ ಎರಡು ಕಾಲೇಜುಗಳಿವೆ. ಧಾರವಾಡದ ಸರ್ಕಾರಿ ವಿಭಾಗದಲ್ಲಿ ಎಂ.ಬಿ.ಎ. ಸೀಟು ಸಿಕ್ಕಿದೆ, ಸೋಮವಾರ ಸಂಜೆಯೊಳಗೆ ಹಾಜರಾಗಬೇಕು. ಇನ್ನೊಂದು, ಹೈವೇ ಬದಿಯ ನಮ್ಮ ಖಾಸಗಿ ಕಾಲೇಜು, ಆ ಗಾಜಿನ ಕಟ್ಟಡ. ನೀನು ಇದರ ಕಡೆಗೇ ವಾಲಿದ್ದೀಯ. ಯಾಕೆಂದು ಗೊತ್ತು. ನನ್ನನ್ನು ನೋಡಿ.

ಬರಬೇಡ. ಧಾರವಾಡಕ್ಕೆ ಹೋಗು.

ಡಿಗ್ರಿ ಓದುವಾಗ ಬಸ್ಸಿಗಾಗಿ ರಸ್ತೆಯ ಮೇಲೆ ಧರಣಿ ಕೂತವರು ನಾವು. ಡಿಪೋ ಗೇಟಿನಲ್ಲಿ ನಾನು ಘೋಷಣೆ ಕೂಗಿದರೆ ನಿನ್ನ ದನಿ ನನ್ನದಕ್ಕಿಂತ ಮೇಲೇಳುತ್ತಿತ್ತು. ನನ್ನ ಆ ಬಾಯಿಯನ್ನೇ ಈ ಸಂಸ್ಥೆ ಕೊಂಡುಕೊಂಡಿತು. ಎರಡನೆಯ ವರ್ಷ ಇಂಟರ್ನ್‌ಶಿಪ್ ಎಂದು ನಮ್ಮನ್ನು ಹಳ್ಳಿಗಳಿಗೆ ಬಿಟ್ಟರು. ಕಂಪನಿ ಯಾವುದು ಸರ್ ಎಂದು ಕೇಳಿದೆ. ಗೌರೀಶ ಸರ್ ನಕ್ಕರು.

"ನಿಮ್ಮೂರ ಕಂಪನಿ, ನಿಮ್ಮ ಮಂದೀನ ಮಾರ್ಕೆಟ್. ಪಡಸಾಲ್ಯಾಗ ಕುಂತು ಮಾತಾಡಬ್ಯಾಡ. ಸೀದಾ ಅಡಗಿಮನಿಗೆ ಹೋಗು, ರೊಟ್ಟಿ ಕೇಳಿ ಇಸ್ಕೊಂಡು ತಿನ್ನು. ಒಲಿ ಮುಂದ ಕುಂತು ಉಂಡಾಕಿ ಸುಳ್ಳ ಹೇಳತಾಳ ಅಂತ ಯಾವ ತಾಯೀನೂ ತಿಳಿಯಂಗಿಲ್ಲ."

ಹಾಗೇ ಮಾಡಿ ಹೊಸ ಹುಡುಗಿಯರನ್ನು ಕಾಲೇಜಿಗೆ ಸೇರಿಸಿದೆ. ಹೂಲಿ, ಚಚಡಿ, ಮುನವಳ್ಳಿ. ನಾನು ಉಂಡ ಮನೆಗಳ ಪಟ್ಟಿ ಅವರ ಕಂಪ್ಯೂಟರಿನಲ್ಲಿದೆ.

ನೌಕರಿ ಸಿಕ್ಕವರೆಂದು ಬಸ್‌ಸ್ಟ್ಯಾಂಡಿನ ಫ್ಲೆಕ್ಸಿನಲ್ಲಿ ನನ್ನ ಫೋಟೊ ನೋಡಿದೆಯಲ್ಲ? ಇದೇ ಆ ನೌಕರಿ. ಸೇರಿದ ದಿನವೇ ನಮ್ಮ ಅಸಲು ಅಂಕಪಟ್ಟಿಗಳು ಅವರ ಕಪಾಟು ಸೇರುತ್ತವೆ. ಹನ್ನೆರಡು ಅಡ್ಮಿಷನ್ ತಂದವರಿಗೆ ಮಾತ್ರ ವಾಪಸು. ನನ್ನ ತರಗತಿಯ, ಚಚಡಿಯ ಮಂಜುಳಾ ಏಳು ತಂದು ನಿಲ್ಲಿಸಿದಳು. "ಇನ್ನ ನನ್ನ ಕೈಲೆ ಆಗಂಗಿಲ್ಲ. ನನ್ನ ಕಾಗದ ಕೊಡ್ರಿ" ಎಂದು ಆಫೀಸಿನ ಬಾಗಿಲಲ್ಲೇ ಕೂತಳು. ಇಬ್ಬರು ಬಂದು ಎಬ್ಬಿಸಿಕೊಂಡು ಹೋದರು. ಒಂಬತ್ತು ದಿನವಾಯಿತು. ಅವಳು ಊರಿನಲ್ಲಿಲ್ಲ, ಹಾಸ್ಟೆಲ್ಲಿನಲ್ಲಿಲ್ಲ. ಅವಳ ಅವ್ವ ದಿನಾ ಗೇಟಿಗೆ ಬರುತ್ತಾಳೆ. ಗೇಟಿನ ಮೇಲೆಯೇ ಮಂಜುಳಾಳ ಫೋಟೊ, ನನ್ನ ಪಕ್ಕದಲ್ಲಿ, ನಗುತ್ತಿದೆ.

ನಿಮ್ಮ ಮನೆಗೆ ನಾನು ಬಂದ ದಿನ ನೀನು ಟಿ.ಸಿ. ತರಲು ಕಾಲೇಜಿಗೆ ಹೋಗಿದ್ದೆ. ಟಿಪ್ಪುಸಾಬ ಚಾಚಾ ಟೆಂಪೋ ತೊಳೆಯುತ್ತಿದ್ದರು. "ಮ್ಯಾನೇಜ್ಮೆಂಟ್ ಕಲಸ್ತಾರೇನು? ನಿಮ್ಮ ಮಾಸ್ತರಗ ಮುನವಳ್ಳಿ ಸಂತ್ಯಾಗ ಒಂದ ಸಲ ಟೆಂಪೋ ರಿವರ್ಸ್ ತಗಿ ಅನ್ನು, ಡಿಗ್ರಿ ನಾ ಕೊಡತೇನಿ" ಎಂದರು.

ಚಾಚಿ ಒಳಗೆ ಕರೆದರು. "ಅವರ ಮಾತ ಬಿಡ ಬೇಟಿ. ನೀ ಅಲ್ಲಿ ಅದಿ ಅಂದ್ರ ನಾ ಕಣ್ಣ ಮುಚ್ಚಿ ಮಗಳನ್ನ ಕಳಸತೇನಿ." ನಾನು ಎರಡನೆಯ ರೊಟ್ಟಿ ಮುರಿದೆ. ಕಳಿಸಬೇಡಿ ಎನ್ನಲಿಲ್ಲ. ನಮ್ಮ ಮನೆಯವರು ನಿಮ್ಮ ಓಣಿಯಲ್ಲಿ ನೀರೂ ಮುಟ್ಟದವರು. ನಿಮ್ಮಲ್ಲಿ ಉಣ್ಣುವುದಕ್ಕಾಗಿ ನಾನು ಅಪ್ಪನ ಕೈಯಲ್ಲಿ ಏಟು ತಿಂದವಳು. ಅದು ನಮ್ಮ ಹೋರಾಟವಾಗಿತ್ತು ಫರೀನ್. ಅದನ್ನೇ ಮಾರಾಟಕ್ಕೆ ಇಟ್ಟೆ.

ಗಟ್ಟಿಯಾಗಿರು. ನಿನ್ನ ದನಿ ಯಾರ ಜೇಬಿಗೂ ಸೇರದಿರಲಿ. ಚೆನ್ನಾಗಿ ಓದು, ದೊಡ್ಡವಳಾಗು. ಚಾಚಾ, ಚಾಚಿಗೆ ನನ್ನ ಶರಣು.

ನಿನ್ನ ಅಕ್ಕ,
ರಾಜೇಶ್ವರಿ

ತಾ.ಕ.: ಧಾರವಾಡಕ್ಕೆ ಹೋಗು ಎಂದೆ. ಹೋದರೆ ಅಸಲು ಅಂಕಪಟ್ಟಿ ಕೇಳುತ್ತಾರೆ. ನಿಮ್ಮ ಟ್ರಂಕಿನಲ್ಲಿ ಅವಿಲ್ಲ. ಝೆರಾಕ್ಸ್ ಮಾಡಿಸುತ್ತೇನೆಂದು ಅವತ್ತೇ ಚಾಚಿಯಿಂದ ಇಸಿದುಕೊಂಡೆ. "ಸೀಟು ಪಕ್ಕಾ ಆಗೂತನಕಾ ಫರೀನ್‌ಗ ಹೇಳಬ್ಯಾಡ್ರಿ ಚಾಚಿ, ಮಂದಿ ಕಣ್ಣ ಬಿದ್ದು ನದರ ಆಕ್ಕೈತಿ" ಎಂದು ಬಾಯಿ ಮುಚ್ಚಿಸಿದವಳೂ ನಾನೇ. ಅವರನ್ನು ಬೈಯಬೇಡ. ಅವು ಈಗ ಅವರ ಕಪಾಟಿನಲ್ಲಿವೆ, ನನ್ನ ಹನ್ನೆರಡನೆಯ ಹೆಸರು ನಿನ್ನದು. ನಿನ್ನೆ ನನ್ನ ಕಾಗದಗಳು ನನಗೆ ಬಂದವು.

ಶನಿವಾರ ಬೆಳಿಗ್ಗೆ ಹತ್ತಕ್ಕೆ ನಿನ್ನ ಅಂಕಪಟ್ಟಿ ಕೇಳಲು ಕಾಲೇಜಿನ ಗೇಟಿಗೆ ಹೋಗು. ಒಬ್ಬಳೇ ಹೋಗಬೇಡ, ಒಳಗೆ ಕರೆದರೆ ಒಬ್ಬಳೇ ಕಾಲಿಡಬೇಡ. ಮಂಜುಳಾಳ ಅವ್ವನನ್ನು, ಸಿಕ್ಕಷ್ಟು ಜನರನ್ನು ಕರೆದುಕೊಂಡು ಹೋಗು. ಈ ಪತ್ರವನ್ನು ಪೊಲೀಸರ ಮುಂದಿಡು, ಸಹಿ ನನ್ನದೇ. ನಾನೂ ನಿನ್ನ ಜೊತೆ ನಿಲ್ಲುತ್ತೇನೆ ಎಂದು ಬರೆಯಲು ಹೊರಟಿದ್ದೆ. ಇನ್ನೊಂದು ಸುಳ್ಳು ಬೇಡ. ಶಟ್ಟೆಪ್ಪಣ್ಣನಿಗೆ ಇದನ್ನು ಕೊಟ್ಟು ನಾನು ಪುಣೆ ಬಸ್ಸು ಹತ್ತುತ್ತಿದ್ದೇನೆ.